ಮೋಲ್ಡ್ ದಿನ ಕೆಲಸ ನಿಲ್ಲದಿರಲು ವಾರದ ಪ್ಲಾನ್ ಹೀಗೆ ಮಾಡಿ

ತುಮಕೂರಿನ ಕ್ಯಾತಸಂದ್ರದ ಒಂದು ಸೈಟಿನಲ್ಲಿ ಕಣ್ಣಾರೆ ನೋಡಿದ್ದು. ಅವತ್ತು ಮೋಲ್ಡ್, ಅಂದರೆ ಛಾವಣಿ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ದಿನ. ಸೆಂಟ್ರಿಂಗ್ (ಕಾಂಕ್ರೀಟ್ ಹೊರುವ ತಾತ್ಕಾಲಿಕ ಹಲಗೆ, ಜಾಕಿ) ಆಗಿತ್ತು, ಕಂಬಿ ಕಟ್ಟಿತ್ತು, ಮಿಕ್ಸರ್ ಬಂದು ನಿಂತಿತ್ತು. ಸ್ಲ್ಯಾಬಿನೊಳಗೆ ಮೊದಲೇ ಕೂರಿಸಬೇಕಾದ ಫ್ಯಾನ್ ಬಾಕ್ಸ್ ಮಾತ್ರ ಇಟ್ಟಿರಲಿಲ್ಲ. ಎಲೆಕ್ಟ್ರಿಷಿಯನ್ ಬೇರೆ ಕಡೆ ಇದ್ದರು. ಆಳುಗಳು ಮಧ್ಯಾಹ್ನದವರೆಗೆ ಸುಮ್ನೆ ಕೂತು ವಾಪಸ್ ಹೋದರು.

ಇಂಥ ತಡ ತಪ್ಪಿಸಲೆಂದೇ ಅಮೆರಿಕದ ಗ್ಲೆನ್ ಬಲ್ಲಾರ್ಡ್, ಗ್ರೆಗ್ ಹೋವೆಲ್ 1990ರ ದಶಕದಲ್ಲಿ ‘ಲಾಸ್ಟ್ ಪ್ಲಾನರ್’ ವಿಧಾನ ರೂಪಿಸಿದರು. ಕೆಲಸ ಮಾಡಿಸುವ ಮೇಸ್ತ್ರಿಯೇ ಪ್ಲಾನ್ ಹೇಳಬೇಕು ಅನ್ನೋದು ಇದರ ಜೀವಾಳ.

ಮೊದಲು, ಗೃಹಪ್ರವೇಶದ ದಿನದಿಂದ ಹಿಂದಕ್ಕೆ ಎಣಿಸಿ. ಯುಗಾದಿ, ಸಿದ್ಧಗಂಗೆ ಜಾತ್ರೆಗೆ ಆಳುಗಳು ಸಿಗದ ದಿನಗಳನ್ನು ಆಗಲೇ ಗುರುತು ಹಾಕಿ. ಗೋಡೆಗೊಂದು ಚಾರ್ಟ್ ಪೇಪರ್ ಸಾಕು. ಅಂಟಿಸುವ ಬಣ್ಣದ ಚೀಟಿ ತರಬೇಡಿ, ಸಿಮೆಂಟ್ ಧೂಳಿಗೆ ಎರಡೇ ದಿನದಲ್ಲಿ ಉದುರುತ್ತವೆ.

ಎರಡನೆಯದು, ಮುಂದಿನ ವಾರಗಳ ಅಡ್ಡಿ ಹುಡುಕುವುದು. ಎಲ್ಲರೂ ಎಡವುವುದು ಇಲ್ಲೇ. ದೊಡ್ಡ ಕಟ್ಟಡಕ್ಕೆ ಆರು ವಾರ ಮುಂದೆ ನೋಡುತ್ತಾರೆ, ಮನೆಗೆ ಮೂರು ಸಾಕು. ಪ್ರತಿ ಕೆಲಸಕ್ಕೂ ಕೇಳಿ: ಡ್ರಾಯಿಂಗ್ ಬಂತಾ? ಸಾಮಾನು? ಆಳು? ಹಿಂದಿನ ಕೆಲಸ ಮುಗಿದಿದೆಯಾ? ಮೋಲ್ಡ್ ಅಂದರೆ ಬಾತ್‌ರೂಮ್ ಸಂಕನ್ (ಸ್ಲ್ಯಾಬ್ ತಗ್ಗಿಸುವ ಆಳ) ಎಷ್ಟು, ಪೈಪಿಗೆ ತೂತು ಎಲ್ಲಿ, ಕಂಬಿ ಹಲಗೆಗೆ ತಾಗದಂತೆ ಕವರ್ ಬ್ಲಾಕ್ ಇಟ್ಟಿದೆಯಾ, ಕಾಂಕ್ರೀಟ್ ಅದುರಿಸಿ ಕೂರಿಸುವ ವೈಬ್ರೇಟರ್ ಓಡುತ್ತಾ, ಟ್ಯಾಂಕರ್ ನೀರಿಗೆ ಹೇಳಿದೆಯಾ, ಎಲ್ಲವೂ ಬೇಕು. ಪ್ರತಿ ಅಡ್ಡಿಯ ಮುಂದೆ ಒಬ್ಬರ ಹೆಸರು, ಒಂದು ತಾರೀಕು ಬರೆಯಿರಿ. ‘ಆಗುತ್ತೆ ಸಾರ್’ ಅನ್ನುವುದನ್ನು ಉತ್ತರ ಅಂತ ಬರೆದುಕೊಳ್ಳಬೇಡಿ. ‘ಆಗಲ್ಲ’ ಅಂದ ಮೇಸ್ತ್ರಿಯನ್ನು ದಯವಿಟ್ಟು ಬೈಯಬೇಡಿ. ಇವತ್ತು ಬೈದರೆ ನಾಳೆಯಿಂದ ನಿಜ ಹೇಳಲ್ಲ. ಅಡ್ಡಿ ಉಳಿದ ಕೆಲಸ ಆ ವಾರದ ಪಟ್ಟಿಗೆ ಬರಲೇಬಾರದು.

ಹಾಗಂತ ಸಿಮೆಂಟನ್ನೆಲ್ಲ ಒಟ್ಟಿಗೆ ತಂದು ಒಟ್ಟಬೇಡಿ. ತೇವ ಹೀರಿ ಗಟ್ಟಿಯಾಗುತ್ತೆ.

ಮೂರನೆಯದು, ಶನಿವಾರ ಸಂಜೆ ಹತ್ತು ನಿಮಿಷ ಎಲ್ಲರನ್ನೂ ಸೇರಿಸಿ. ಆ ವಾರಕ್ಕೆ ಒಪ್ಪಿಕೊಂಡ 10 ಕೆಲಸದಲ್ಲಿ 6 ಮುಗಿದಿದ್ದರೆ ನೂರಕ್ಕೆ 60. ಮುಕ್ಕಾಲು ಆದದ್ದು ಲೆಕ್ಕಕ್ಕಿಲ್ಲ.

ತಡ ಸರಿದೂಗಿಸಲು ಸ್ಲ್ಯಾಬ್ ಕೆಳಗಿನ ಜಾಕಿ ಬೇಗ ತೆಗೆಯುವವರಿದ್ದಾರೆ, ಅದು ಅಪಾಯ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456:2000 ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೇ ಆಧಾರಗಳ ನಡುವಿನ ಅಂತರ 4.5 ಮೀಟರ್‌ವರೆಗಿನ ಸ್ಲ್ಯಾಬಿಗೆ ಕನಿಷ್ಠ 7 ದಿನ ಜಾಕಿ ಇರಬೇಕು, ಅದಕ್ಕಿಂತ ಜಾಸ್ತಿ ಇದ್ದರೆ 14 ದಿನ. ಹಾರುಬೂದಿಯಂಥದ್ದು ಬೆರೆಸಿದ ಪಿಪಿಸಿ ಸಿಮೆಂಟಾದರೆ ಇನ್ನೂ ಕಾಯಬೇಕು. ಎಷ್ಟು ದಿನ ಅಂತ ಇಂಜಿನಿಯರನ್ನೇ ಕೇಳಿ.

ಶನಿವಾರದ ಪಟ್ಟಿಯಲ್ಲಿ ಮುಗಿಯದ ಕೆಲಸದ ಪಕ್ಕ ಕಾರಣ ಬರೆಯಿರಿ. ‘ಎಂ-ಸ್ಯಾಂಡ್ ಬರಲಿಲ್ಲ’ ಅಂತ ಮೂರು ವಾರ ಬಂದರೆ, ಮುಂದಿನ ಲೋಡಿಗೆ ಎರಡು ದಿನ ಮೊದಲೇ ಫೋನ್ ಮಾಡಿ.