ಹಿಂದಿನಿಂದ ಹಾಕುವ ನೋವಿನ ಗುಳಿಗೆ: ನಾಚಿಕೆ ಬೇಡ, ಲೆಕ್ಕ ಇರಲಿ

ನಮ್ಮ ದೊಡ್ಡಪ್ಪ ಅದನ್ನು ನುಂಗಿಬಿಟ್ಟಿದ್ದರು.

ಕೊನೆಕೊಯ್ಲಿನ ಸಮಯ. ಅಡಿಕೆ ಸುಲಿಯುತ್ತ ಕೂತು ಕೂತು ಸೊಂಟ ಹಿಡಿದುಕೊಂಡಿತ್ತು. ಶಿರಸಿಯ ಡಾಕ್ಟರು ರಾತ್ರಿಗೊಂದು ಅಂತ ಬರೆದುಕೊಟ್ಟರು. ಮೆಡಿಕಲ್‌ನವನು ಸುತ್ತ ಜನ ಇದ್ದಾರೆ ಅಂತಲೋ ಏನೋ, ಕವರಿಗೆ ಹಾಕಿ ಸುಮ್ನೆ ಕೈಗಿಟ್ಟ. ದೊಡ್ಡಪ್ಪನೂ ಕೇಳಲಿಲ್ಲ. ರಾತ್ರಿ ಊಟ ಮುಗಿಸಿ, ಬಿಸಿನೀರಿನ ಜೊತೆ ಬಾಯಿಗೆ ಹಾಕಿಕೊಂಡರು. “ತಮಾ, ಇದೆಂತಾ ಮಾತ್ರೆಯೋ, ಮೇಣ ತಿಂದಾಂಗೆ ಆತು” ಅಂತ ನನ್ನನ್ನು ಕರೆದಾಗಲೇ ಗೊತ್ತಾಗಿದ್ದು. ಡಾಕ್ಟರಿಗೆ ಫೋನ್ ಮಾಡಿದೆವು. ಪುಣ್ಯಕ್ಕೆ ಏನೂ ಆಗಲಿಲ್ಲ.

ಇದರ ಹೆಸರು ಸಪೋಸಿಟರಿ. ಕಿರುಬೆರಳಿನ ತುದಿಯಷ್ಟು ಗಾತ್ರದ, ಮೇಣದಂಥ ಗುಳಿಗೆ. ಗುದದ್ವಾರದೊಳಗೆ ಇಟ್ಟರೆ ಮೈ ಶಾಖಕ್ಕೆ ಕರಗುತ್ತದೆ, ಔಷಧ ಅಲ್ಲಿಂದಲೇ ರಕ್ತಕ್ಕೆ ಸೇರುತ್ತದೆ. ನಮ್ಮ ಕಡೆ ಹೆಚ್ಚಾಗಿ ಸಿಗುವುದು ಡೈಕ್ಲೋಫೆನಾಕ್, ದೊಡ್ಡವರಿಗೆ 100 ಮಿಲಿಗ್ರಾಂನದು. ಸಿಸೇರಿಯನ್ ಆದವರಿಗೆ, ಕಿಡ್ನಿ ಕಲ್ಲಿನ ನೋವಿನಲ್ಲಿ ವಾಂತಿ ನಿಲ್ಲದವರಿಗೆ ಆಸ್ಪತ್ರೆಯಲ್ಲಿ ಇದನ್ನು ಹಾಕುತ್ತಾರೆ. ಬಾಯಿಂದ ಕೊಟ್ಟದ್ದು ಹೊಟ್ಟೆಯಲ್ಲಿ ನಿಲ್ಲದಿದ್ದಾಗ ಇದು ಅನುಕೂಲ, ಅಲ್ವಾ?

ಆದರೆ ಇಲ್ಲೇ ಒಂದು ತಪ್ಪು ತಿಳಿವಳಿಕೆ ಇದೆ. “ಹೊಟ್ಟೆಗೆ ಹೋಗೋದೇ ಇಲ್ಲವಲ್ಲ, ಹಾಗಾದರೆ ಗ್ಯಾಸು, ಹುಣ್ಣು ಅನ್ನೋ ಭಯ ಇಲ್ಲ” ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ನಮ್ಮ ಜಠರದ ಒಳಗೋಡೆಯನ್ನು ಆಮ್ಲದಿಂದ ಕಾಯುವ ಪ್ರೊಸ್ಟಗ್ಲಾಂಡಿನ್ ಎಂಬ ಪದಾರ್ಥ ಮೈಯಲ್ಲೇ ತಯಾರಾಗುತ್ತದೆ. ನೋವು, ಊತ ಉಂಟುಮಾಡುವುದರಲ್ಲೂ ಅದರದೇ ಕೈವಾಡ. ಡೈಕ್ಲೋಫೆನಾಕ್ ಅದನ್ನೇ ಕಡಿಮೆ ಮಾಡುತ್ತದೆ, ಅದೂ ರಕ್ತದ ಮೂಲಕ. ಅಂದಮೇಲೆ ಯಾವ ಬಾಗಿಲಿನಿಂದ ಒಳಗೆ ಬಂದರೇನು? ಹುಣ್ಣು, ರಕ್ತಸ್ರಾವದ ಅಪಾಯ ಇದ್ದೇ ಇರುತ್ತದೆ.

ಹಾಗಾಗಿ ಹಾಕುವ ಮೊದಲು ಡಾಕ್ಟರಿಗೆ ಎಲ್ಲವನ್ನೂ ಹೇಳಿ. ಮೊದಲು ಹೊಟ್ಟೆಹುಣ್ಣು ಆಗಿತ್ತಾ, ಹೃದಯಾಘಾತ ಇಲ್ಲವೇ ಪಾರ್ಶ್ವವಾಯು ಆಗಿತ್ತಾ, ಕಿಡ್ನಿ, ಲಿವರ್ ತೊಂದರೆ ಇದೆಯಾ, ಆಸ್ಪಿರಿನ್‌ನಂಥ ಮಾತ್ರೆ ತಿಂದರೆ ಉಬ್ಬಸ ಬರುತ್ತದಾ. ಮೂಲವ್ಯಾಧಿಯಿಂದ ರಕ್ತ ಹೋಗುತ್ತಿದ್ದರೆ ಅದನ್ನೂ ಹೇಳಿ, ಮುಜುಗರ ಬೇಡ. ಗರ್ಭಿಣಿಯರಿಗೆ ಕೊನೆಯ ಮೂರು ತಿಂಗಳು ಇದು ಬೇಡವೇ ಬೇಡ, 20 ವಾರ ದಾಟಿದ ಮೇಲೂ ಡಾಕ್ಟರು ಹೇಳದೆ ಹಾಕಬಾರದು. ರಕ್ತ ತೆಳುಮಾಡುವ ಮಾತ್ರೆ ನುಂಗುವವರಿಗೆ ರಕ್ತಸ್ರಾವದ ಭಯ ಜಾಸ್ತಿ. ಬಿಪಿ ಮಾತ್ರೆ, ಜೊತೆಗೆ ಮೂತ್ರ ಹೆಚ್ಚು ಹೋಗಿಸುವ ಮಾತ್ರೆ, ಅದರ ಮೇಲೆ ಇದು, ಮೂರೂ ಸೇರಿದರೆ ಕಿಡ್ನಿಗೆ ಭಾರ. ವಾಂತಿಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದಾಗಲಂತೂ ಇನ್ನೂ ಕಷ್ಟ. ನಮ್ಮ ಮನೆಗಳ ಹಿರಿಯರಲ್ಲಿ ಈ ಮೊದಲಿನ ಎರಡನ್ನೂ ನುಂಗುವವರು ಎಷ್ಟು ಜನ ಇಲ್ಲ!

ಹಾಕುವುದು ಹೇಗೆ

ರಾತ್ರಿ ಮಲಗುವ ಹೊತ್ತು ಒಳ್ಳೆಯದು. ಮೊದಲು ಸಂಡಾಸಿಗೆ ಹೋಗಿ ಬನ್ನಿ. ಹಾಕಿದ ಮೇಲೆ ಹೋಗಬೇಕಾಗಿ ಬಂದರೆ ಔಷಧವೂ ಹೋದಂತೆಯೇ. ಉಗುರು ಕತ್ತರಿಸಿಕೊಂಡು, ಸೋಪು ಹಚ್ಚಿ ಕೈ ತೊಳೆಯಿರಿ. ಬೇರೆಯವರಿಗೆ ಹಾಕುವುದಾದರೆ ಗ್ಲೌಸ್ ಇದ್ದರೆ ಒಳ್ಳೆಯದು.

ಕವಚವನ್ನು ಹೊರಗಿನಿಂದಲೇ ಮೆಲ್ಲಗೆ ಒತ್ತಿ ನೋಡಿ. ಗಟ್ಟಿ ಇದ್ದರೆ ಸರಿ. ಮೆತ್ತಗಾಗಿದ್ದರೆ ಕವಚದ ಸಮೇತ ಹತ್ತು ನಿಮಿಷ ತಣ್ಣೀರಿನಲ್ಲಿ ಇಡಿ. ಬಿಚ್ಚುವುದಕ್ಕೆ ಕತ್ತರಿ ಬೇಡ. ಕವಚದ ಒಂದು ತುದಿಯಲ್ಲಿ ಎರಡು ಪದರ ಬೇರೆ ಬೇರೆಯಾಗಿ ಇರುತ್ತವೆ. ಎರಡನ್ನೂ ಎರಡು ಕೈಯಲ್ಲಿ ಹಿಡಿದು, ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ನಿಧಾನ ಎಳೆಯಿರಿ. ಕವಚ ಪೂರ್ತಿ ಬಿಚ್ಚಿದೆಯಾ ಅಂತ ಬೆಳಕಿನಲ್ಲಿ ನೋಡಿಕೊಳ್ಳಿ. ಕವಚದ ಸಮೇತ ಹಾಕಿಕೊಂಡು ಗಾಯ ಮಾಡಿಕೊಂಡವರೂ ಇದ್ದಾರೆ.

ಜಾರಲಿ ಅಂತ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚುವುದು ನಮ್ಮ ಕೈಚಳಕ. ಬೇಡ. ಗುಳಿಗೆಯೇ ಕೊಬ್ಬಿನದು, ತುದಿಗೆ ಒಂದು ಹನಿ ತಣ್ಣೀರು ಮುಟ್ಟಿಸಿದರೆ ಸಾಕು.

ಎಡ ಮಗ್ಗುಲಿಗೆ ಮಲಗಿ. ಎಡಗಾಲು ನೇರ ಇರಲಿ, ಬಲಗಾಲನ್ನು ಹೊಟ್ಟೆಯ ಕಡೆ ಮಡಚಿ. ಉಸಿರು ಹೊರಗೆ ಬಿಡುತ್ತ ಮೈ ಸಡಿಲ ಮಾಡಿ. ಉಸಿರು ಬಿಗಿಹಿಡಿದರೆ ಆ ಜಾಗವೂ ಬಿಗಿಯುತ್ತದೆ, ಇದು ದೊಡ್ಡಪ್ಪನಿಗೆ ಎರಡು ಸಲ ಹೇಳಬೇಕಾಯಿತು. ಚೂಪು ತುದಿ ಮುಂದೆ ಮಾಡಿ, ಬೆರಳಿನಿಂದ ಎರಡು-ಮೂರು ಸೆಂಟಿಮೀಟರ್ ಒಳಗೆ ತಳ್ಳಿ. ಬಾಗಿಲಲ್ಲೇ ಬಿಟ್ಟರೆ ಜಾರಿ ಹೊರಗೆ ಬರುತ್ತದೆ. ಚೂಪು ತುದಿಯಾ, ಮೊಂಡು ತುದಿಯಾ ಎಂಬ ಚರ್ಚೆಯೂ ಇದೆ, ನಂಬಿ! ಮೊಂಡು ತುದಿ ಮೊದಲು ಹೋದರೆ ಚೆನ್ನಾಗಿ ನಿಲ್ಲುತ್ತದೆ ಅಂತ 1991ರಲ್ಲಿ ಈಜಿಪ್ಟಿನ ವೈದ್ಯರು ಬರೆದಿದ್ದರು. ನೀವು ಪೆಟ್ಟಿಗೆಯೊಳಗಿನ ಚೀಟಿ ಹೇಳಿದಂತೆ ಮಾಡಿ, ಅಷ್ಟೇ.

ಹಾಕಿದ ಮೇಲೆ ಎರಡೂ ಕುಂಡೆಗಳನ್ನು ಸ್ವಲ್ಪ ಹೊತ್ತು ಒತ್ತಿಹಿಡಿದು, ಹದಿನೈದು ನಿಮಿಷ ಮಲಗಿರಿ. ಒಂದು ಗಂಟೆ ಸಂಡಾಸಿಗೆ ಹೋಗದಿದ್ದರೆ ಒಳ್ಳೆಯದು. ಸ್ವಲ್ಪ ಜಿಡ್ಡು ಸೋರಬಹುದು, ಹಳೆಯ ಬಟ್ಟೆ ಹಾಸಿಕೊಳ್ಳಿ. ಹಾಕಿದ ಕೂಡಲೇ ಇಡಿಯಾಗಿ ಹೊರಗೆ ಬಂದರೆ ಇನ್ನೊಂದು ಹಾಕಬಹುದು. ಅರ್ಧ ಕರಗಿ ಬಂದರೆ ಮಾತ್ರ ಅಂದಾಜಿನ ಮೇಲೆ ಮತ್ತೊಂದು ಬೇಡ. ಎಷ್ಟು ಒಳಗೆ ಹೋಯಿತು ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ. ಡಾಕ್ಟರಿಗೆ ಕೇಳಿ, ಇಲ್ಲವೇ ಮುಂದಿನ ಹೊತ್ತಿನವರೆಗೆ ಕಾಯಿರಿ.

ಲೆಕ್ಕ

ದೊಡ್ಡವರಿಗೆ ಡೈಕ್ಲೋಫೆನಾಕ್ ದಿನಕ್ಕೆ 150 ಮಿಲಿಗ್ರಾಂ ದಾಟಬಾರದು. ಮಾತ್ರೆ, ಇಂಜೆಕ್ಷನ್, ಇದು, ಎಲ್ಲ ಸೇರಿ. ರಾತ್ರಿ 100ರದ್ದು ಒಂದು ಹಾಕಿದರೆ ಉಳಿಯುವುದು 50 ಮಾತ್ರ. ವೊವೆರಾನ್ ಅಂದರೂ ಡೈಕ್ಲೋಫೆನಾಕೇ. ಝೆರೋಡಾಲ್, ಕಾಂಬಿಫ್ಲಾಮ್‌ನಲ್ಲಿರುವುದು ಇದರ ದಾಯಾದಿಗಳು. ಒಂದು ಹಾಕಿಕೊಂಡು ಇನ್ನೊಂದು ನುಂಗಿದರೆ ನೋವೇನೂ ಎರಡು ಪಾಲು ಕಡಿಮೆಯಾಗುವುದಿಲ್ಲ, ಹೊಟ್ಟೆಗೆ ಮಾತ್ರ ಎರಡು ಪಾಲು ಪೆಟ್ಟು. ಮಕ್ಕಳಿಗೆ ದೊಡ್ಡವರದ್ದನ್ನು ಕತ್ತರಿಸಿ ಹಾಕಬೇಡಿ. ಅವರಿಗೆ ತೂಕ ನೋಡಿ ಡಾಕ್ಟರೇ ಬರೆಯಬೇಕು.

ಇಡುವ ಜಾಗದ ಬಗ್ಗೆ ನನ್ನದೇ ಪಾಠ ಇದೆ. ಒಮ್ಮೆ ಮೇ ತಿಂಗಳಲ್ಲಿ ಕಾರವಾರದಲ್ಲಿ ಕೊಂಡು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟೆ. ದೇವಿಮನೆ ಘಟ್ಟ ಹತ್ತಿ ಮನೆ ಮುಟ್ಟುವಾಗ ಕವಚದೊಳಗೆ ಕಾಸಿದ ತುಪ್ಪದ ಹಾಗೆ ಓಲಾಡುತ್ತಿತ್ತು. ಫ್ರಿಜ್‌ನಲ್ಲಿ ಇಟ್ಟೆ, ಮತ್ತೆ ಗಟ್ಟಿಯಾಯಿತು, ಖುಷಿಪಟ್ಟೆ. ಆದರೆ ಪೂರ್ತಿ ಕರಗಿದಾಗ ಔಷಧ ಒಂದೇ ಕಡೆ ತಳಕ್ಕೆ ಕೂತಿರಬಹುದು, ಆಕಾರವೂ ಕೆಟ್ಟಿರುತ್ತದೆ. ಅಂಥದ್ದನ್ನು ಎಸೆಯಬೇಕು. ಕರಾವಳಿಯ ಬೇಸಿಗೆಯಲ್ಲಿ ಕಪಾಟು ಸಾಲದು. ಪೆಟ್ಟಿಗೆಯ ಮೇಲೆ ಬರೆದ ಡಿಗ್ರಿ ನೋಡಿ ಫ್ರಿಜ್‌ನ ಬಾಗಿಲಲ್ಲಿ ಇಡಿ, ಐಸ್ ಆಗುವ ಖಾನೆಯಲ್ಲಿ ಬೇಡ.

ಇನ್ನೊಂದು ಮಾತು, ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೇ. ಮೈಕೈ ನೋವಿನ ಜೊತೆ ಜ್ವರ ಇದ್ದರೆ ಇದನ್ನು ಮುಟ್ಟಬೇಡಿ. ಮಳೆಗಾಲದಲ್ಲಿ ಅದು ಡೆಂಗಿಯೋ ಇಲಿಜ್ವರವೋ ಇರಬಹುದು. ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಿ ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ಕೊನೆಕೊಯ್ಲೂ ಹೆಚ್ಚುಕಡಿಮೆ ಆಗಲೇ. ತೋಟದ ಕೆಲಸದ ನೋವು ಅಂತ ಅಂದುಕೊಂಡದ್ದು ಕಾಯಿಲೆಯ ನೋವಾಗಿರಬಹುದು. ಡೆಂಗಿ, ಮಂಗನ ಕಾಯಿಲೆ ಎರಡರಲ್ಲೂ ರಕ್ತಸ್ರಾವ ಆಗಬಹುದು. ಇಲಿಜ್ವರ ಕಿಡ್ನಿಗೇ ಕೈಹಾಕುತ್ತದೆ. ಮೊದಲು ರಕ್ತಪರೀಕ್ಷೆ ಆಗಲಿ.

ಹಾಕಿಕೊಂಡ ದಿನಗಳಲ್ಲಿ ಮಲ ಡಾಂಬರಿನಂತೆ ಕಪ್ಪಗಾದರೆ, ವಾಂತಿ ಕಾಫಿಪುಡಿ ಕಲಸಿದ ನೀರಿನಂತೆ ಬಂದರೆ, ಎದೆನೋವು, ಮುಖ ಊದುವುದು, ಉಸಿರು ಕಟ್ಟುವುದು, ಮೂತ್ರ ಕಡಿಮೆಯಾಗುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ನಮಗೆ ದೊಡ್ಡ ಆಸ್ಪತ್ರೆ ಅಂದರೆ ಮಣಿಪಾಲ, ಹುಬ್ಬಳ್ಳಿ, ಇಲ್ಲವೇ ಗೋವಾ. ಜೋಯಿಡಾದ ಮೂಲೆಯಿಂದ ಹೊರಡುವವರಿಗೆ ದಾರಿಯ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ.

ದೊಡ್ಡಪ್ಪನ ಸೊಂಟ ನಾಲ್ಕು ದಿನದಲ್ಲಿ ಸರಿಹೋಯಿತು. ಒಂದು ಗುಳಿಗೆ ಉಳಿಯಿತು. ಕೊಟ್ಟಿಗೆಯಲ್ಲಿ ಕಾಲು ಉಳುಕಿದ ದನಕ್ಕೆ ಹಾಕಿದರೆ ಹೇಗೆ ಅಂತ ಕೇಳಿದರು. ಡೈಕ್ಲೋಫೆನಾಕ್ ಕೊಟ್ಟಿದ್ದ ದನ ಸತ್ತ ಮೇಲೆ ಅದನ್ನು ತಿಂದ ರಣಹದ್ದುಗಳ ಸಂತತಿಯೇ ಅಳಿಯುತ್ತ ಬಂದು, ದನಕರುಗಳಿಗೆ ಆ ಔಷಧವನ್ನು 2006ರಲ್ಲೇ ನಿಲ್ಲಿಸಿದ್ದಾರೆ ಅಂದೆ. “ಹಂಗಾದ್ರೆ ಬ್ಯಾಡ ತಗ” ಅಂದು ದನದ ವೈದ್ಯರಿಗೆ ಫೋನ್ ಹಚ್ಚಿದರು.