ಮಳೆಗಾಲ ಮುಗಿದ ಮೇಲೆ ಕಾರ್ಬೊರೇಟರ್: ಮನೆಯಲ್ಲಿರುವ ಯಾವುದನ್ನು ಹಾಕಬಹುದು, ಯಾವುದನ್ನು ಹಾಕಬಾರದು

ನಾನು ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವನು. ಬೆಳಿಗ್ಗೆ ಹಾಜರಿ ಹಾಕಿದ ಮೇಲೆ ಸಂಜೆಯವರೆಗೂ ತೋಟದ ದಾರಿಯಲ್ಲೇ ಓಡಾಟ. ಅದಕ್ಕೆ ನನ್ನ ಹತ್ತಿರ ಇರುವುದು 2006ರ ಸ್ಪ್ಲೆಂಡರ್. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಮಾತ್ರ ಅದು ಶೆಡ್ಡಿನಲ್ಲೇ ಇರುತ್ತದೆ. ಆ ಕೆಸರಿನ ಇಳಿಜಾರಿನಲ್ಲಿ ಎರಡು ಚಕ್ರ ನಂಬುವ ಹಾಗಿಲ್ಲ, ಜೀಪಿನಲ್ಲೇ ಹೋಗುತ್ತೇವೆ. ಸೆಪ್ಟೆಂಬರ್ ಮೊದಲ ವಾರ, ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಬೈಕ್ ಹೊರಗೆ ತಂದು ಕಿಕ್ ಹೊಡೆದರೆ ಪ್ರತಿ ವರ್ಷ ಒಂದೇ ಕಥೆ. ಚೋಕ್ ಹಾಕಿದರೆ ಸ್ಟಾರ್ಟ್ ಆಗುತ್ತದೆ, ಚೋಕ್ ತೆಗೆದ ಕೂಡಲೇ ನಿಂತುಹೋಗುತ್ತದೆ.

ಈ ವರ್ಷ ನಾನು ಕಾರ್ಬೊರೇಟರ್, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ, ಬಿಚ್ಚಲು ಕೂತಾಗ ಕೆಲಸಗಾರರ ಲೈನ್ ಮನೆಯ ಒಬ್ಬ ಹುಡುಗ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. "ರೈಟ್ರೇ, ನಿಂಬೆಹಣ್ಣಿನ ರಸದಲ್ಲಿ ಬೇಯಿಸಿದ್ರೆ ಕಾರ್ಬೊರೇಟರ್ ಹೊಸದರ ಥರ ಆಗುತ್ತಂತಲ್ಲ? ಮೊಬೈಲಲ್ಲಿ ನೋಡ್ದೆ" ಅಂದ. ಅವನಿಗೆ ಅಲ್ಲೇ ಹೇಳಿದ್ದನ್ನು ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ. 2020ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ನಿಯಮ ಬಿಎಸ್6 ಬಂದ ಮೇಲಿನ ಹೆಚ್ಚಿನ ಬೈಕುಗಳಲ್ಲಿ ಕಾರ್ಬೊರೇಟರೇ ಇಲ್ಲ. ಇದು ಹಳೆಯ ಗಾಡಿ ಇಟ್ಟುಕೊಂಡವರಿಗೆ.

ಮೊದಲು ಕೊಳೆ ಯಾವುದು ಅಂತ ನೋಡಬೇಕು. ಕಾರ್ಬೊರೇಟರಿನಲ್ಲಿ ಸಾಮಾನ್ಯವಾಗಿ ಮೂರು ಥರದ ಕೊಳೆ ಇರುತ್ತದೆ. ಕಂದು ಬಣ್ಣದ ಅಂಟು ಇದ್ದರೆ ಅದು ಪೆಟ್ರೋಲ್ ಆವಿಯಾಗಿ ಉಳಿದ ಗಸಿ. ಜೆಟ್ಟುಗಳ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡುಗಳ ಮೇಲೆ ಹಸಿರು ಇದ್ದರೆ ಅದು ಹಿತ್ತಾಳೆಯ ಕಿಲುಬು. ಪೆಟ್ರೋಲ್ ನಿಲ್ಲುವ ಕೆಳಗಿನ ಬಟ್ಟಲಿನಲ್ಲಿ ಬಿಳಿ ಪುಡಿ ಕಂಡರೆ ನೀರು ನಿಂತು ಲೋಹ ಕೊರೆದಿದೆ ಅಂತ ಅರ್ಥ. ನಿಂಬೆರಸ ಕೆಲಸ ಮಾಡುವುದು ಹಸಿರು ಮತ್ತು ಬಿಳಿಯ ಮೇಲೆ. ಕಂದು ಅಂಟಿಗೆ ಅದು ಏನೂ ಮಾಡುವುದಿಲ್ಲ. ಚೋಕ್ ತೆಗೆದರೆ ಬೈಕ್ ನಿಲ್ಲುವುದಕ್ಕೆ ಹೆಚ್ಚಾಗಿ ಕಾರಣ ಆ ಕಂದು ಅಂಟೇ. ಹುಡುಗ ನೋಡಿದ ವಿಡಿಯೋದಲ್ಲಿ ಹೊರಗಿನ ಲೋಹ ಫಳಫಳ ಹೊಳೆದಿರಬಹುದು. ಒಳಗಿನ ತೂತು ತೆರೆದುಕೊಂಡಿತೋ ಇಲ್ಲವೋ ಹೊಳಪು ನೋಡಿ ಹೇಳಲು ಆಗುವುದಿಲ್ಲ, ಅಲ್ವಾ?

ಬಿಚ್ಚುವ ಮುಂಚೆ ಒಂದು ಕೆಲಸ ಮಾಡಿ. ಪೆಟ್ರೋಲ್ ಕಾಕ್ ಮುಚ್ಚಿ, ಬಟ್ಟಲಿನ ಅಡಿಯ ಡ್ರೈನ್ ಸ್ಕ್ರೂ ಸಡಿಲಿಸಿ, ಒಳಗಿರುವುದನ್ನು ಒಂದು ಗಾಜಿನ ಬಾಟಲಿಗೆ ಹಿಡಿಯಿರಿ. ಐದು ನಿಮಿಷ ಅಲುಗಾಡಿಸದೆ ಬಿಟ್ಟು ಬೆಳಕಿಗೆ ಹಿಡಿಯಿರಿ. ತಳದಲ್ಲಿ ಗುಂಡು ಗುಂಡಾಗಿ ಬೇರೆ ಪದರ ಕಂಡರೆ ಅದು ನೀರು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಬೆರೆಸುತ್ತಾರೆ. ಎಥನಾಲ್ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ, ತೇವ ಜಾಸ್ತಿಯಾದಾಗ ನೀರನ್ನು ಕಟ್ಟಿಕೊಂಡು ತಳಕ್ಕೆ ಇಳಿಯುತ್ತದೆ. ಗೋಡೆಯಲ್ಲಿ ನೇತುಹಾಕಿದ ಚಪ್ಪಲಿಗೂ ಬೂಸ್ಟು ಹಿಡಿಯುವ ನಮ್ಮ ಜುಲೈ ತಿಂಗಳಲ್ಲಿ ಅದು ಎಷ್ಟು ನೀರು ಕುಡಿಯಬಹುದು, ನೀವೇ ಊಹಿಸಿ. ಬಾಟಲಿಯಲ್ಲಿ ನೀರು ಕಂಡರೆ ಕಾರ್ಬೊರೇಟರ್ ಮಾತ್ರ ತೊಳೆದು ಸುಮ್ನಾಗಬೇಡಿ, ಟ್ಯಾಂಕನ್ನೂ ಖಾಲಿ ಮಾಡಿ.

ಸ್ಪ್ಲೆಂಡರಿನಲ್ಲಿ ಬಿಚ್ಚುವುದು ಕಷ್ಟವಲ್ಲ. 10 ನಂಬರ್ ಸ್ಪ್ಯಾನರಿನಲ್ಲಿ ಎರಡು ಬೋಲ್ಟ್, ಏರ್ ಫಿಲ್ಟರ್ ಪೈಪಿನ ಕ್ಲಾಂಪ್, ಪೆಟ್ರೋಲ್ ಪೈಪು, ಮೇಲಿನ ಮುಚ್ಚಳ ತಿರುಗಿಸಿದರೆ ಆಕ್ಸಿಲರೇಟರ್ ಕೇಬಲ್ ಜೊತೆ ಸ್ಲೈಡ್ ಹೊರಗೆ ಬರುತ್ತದೆ. ಹೊರಗಿನ ಗಾಳಿ ಸ್ಕ್ರೂ ತೆಗೆಯುವ ಮುಂಚೆ ಅದನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ, ಕೂರುವವರೆಗೆ ಎಷ್ಟು ಸುತ್ತು ಆಯಿತು ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ನನ್ನದು ಎರಡು ಸುತ್ತು. ಬಿಗಿಯಾಗಿ ಒತ್ತಿದರೆ ಅದರ ಚೂಪು ತುದಿ ಕೆಡುತ್ತದೆ. ಬಿಚ್ಚಿದ್ದನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಬಿಚ್ಚಿದ ಸಾಲಿನಲ್ಲೇ ಇಡಿ. ರಬ್ಬರ್ ರಿಂಗು, ಪ್ಲಾಸ್ಟಿಕ್ ಫ್ಲೋಟ್, ಫ್ಲೋಟಿನ ಸೂಜಿ ಬೇರೆ ತಟ್ಟೆಯಲ್ಲಿ ಇರಲಿ. ಅವುಗಳಿಗೆ ಸೋಪಿನ ನೀರು ಬಿಟ್ಟು ಬೇರೇನೂ ಬೇಡ.

ಕೆಲಸ ಜಗಲಿಯಲ್ಲಿ, ಗಾಳಿ ಆಡುವ ಕಡೆ ಆಗಲಿ. ಹೊರಗೆ ಮಳೆ ಸುರಿಯುತ್ತಿದೆ ಅಂತ ಅಡುಗೆಮನೆಗೆ ಒಯ್ಯಬೇಡಿ. ಪೆಟ್ರೋಲಿನ ಆವಿ ನೆಲದ ಮೇಲೆ ಹರಿದು ಒಲೆಯವರೆಗೂ ಹೋಗುತ್ತದೆ. ಒಲೆ ದೂರ ಇದೆ ಅಂದುಕೊಂಡರೂ ಸಾಲದು.

ಈಗ ತೊಳೆಯುವುದು. ಎಲ್ಲಕ್ಕಿಂತ ಮೊದಲು ಹಂಡೆಯ ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಬಾಡಿ ಮತ್ತು ಬಟ್ಟಲನ್ನು ಉಜ್ಜಿ. ಹೊರಗಿನ ಜಿಡ್ಡು, ಮಣ್ಣು ಅರ್ಧ ಇದರಲ್ಲೇ ಹೋಗುತ್ತದೆ. ಅಂಟುವಾಳದ ನೀರೂ ಚೆನ್ನಾಗಿ ಕೆಲಸ ಮಾಡುತ್ತದೆ, ನಮ್ಮ ಮನೆಯಲ್ಲಿ ಅದು ಯಾವಾಗಲೂ ಇರುತ್ತದೆ. ಬಟ್ಟೆ ಸೋಡಾ ಬೇಡ. ಕಾರ್ಬೊರೇಟರ್ ಬಾಡಿ ಸತು ಅಥವಾ ಅಲ್ಯೂಮಿನಿಯಂ ಬೆರೆತ ಲೋಹ, ತೀಕ್ಷ್ಣವಾದ ಆ ಸೋಡಾ ಅದನ್ನು ತಿನ್ನುತ್ತದೆ.

ಕಂದು ಅಂಟು ಹಿಡಿದ ಜೆಟ್ಟುಗಳನ್ನು ಒಂದು ಸಣ್ಣ ಗಾಜಿನ ಲೋಟದಲ್ಲಿ ನೈಲ್ ಪಾಲಿಶ್ ರಿಮೂವರ್ ಹಾಕಿ ಅರ್ಧ ಗಂಟೆ ಮುಳುಗಿಸಿ ಇಡಿ. ಬಾಟಲಿಯ ಮೇಲೆ ಅಸಿಟೋನ್ ಅಂತ ಬರೆದಿರಬೇಕು, ಅಸಿಟೋನ್ ಇಲ್ಲದ್ದೂ ಬರುತ್ತದೆ, ಅದರಿಂದ ಪ್ರಯೋಜನ ಇಲ್ಲ. ಪೇಂಟ್ ಥಿನ್ನರ್ ಇದ್ದರೆ ಅದೂ ಆಗುತ್ತದೆ. ಇವೆರಡೂ ರಬ್ಬರನ್ನು ಉಬ್ಬಿಸುತ್ತವೆ, ಕೆಲವು ಪ್ಲಾಸ್ಟಿಕ್ಕನ್ನು ಕರಗಿಸುತ್ತವೆ. ಹಿತ್ತಾಳೆಗೆ ಮಾತ್ರ ಬಳಸಿ. ಬೆಂಕಿಯ ವಿಷಯದಲ್ಲಿ ಇವೂ ಪೆಟ್ರೋಲಿನಷ್ಟೇ ಅಪಾಯ.

ಜೆಟ್ಟು ಎರಡು ಇರುತ್ತವೆ. ಚೋಕ್ ತೆಗೆದಾಗ ಬೈಕ್ ನಿಲ್ಲುವ ಹಾಗೆ ಮಾಡುವುದು ಪೈಲಟ್ ಜೆಟ್, ಎರಡರಲ್ಲಿ ಉದ್ದವಾಗಿ ತೆಳ್ಳಗಿರುವುದು. ಅದರ ತೂತು ಅರ್ಧ ಮಿಲಿಮೀಟರಿಗಿಂತಲೂ ಸಣ್ಣ. ಆಕಾಶಕ್ಕೆ ಹಿಡಿದು ನೋಡಿದರೆ ದುಂಡಗೆ ಬೆಳಕಿನ ಚುಕ್ಕೆ ಕಾಣಬೇಕು. ಕಾಣದಿದ್ದರೆ ಸೂಜಿ, ಪಿನ್ನು, ಸ್ಟೀಲ್ ತಂತಿ ತೂರಿಸಬೇಡಿ. ಉಕ್ಕು ಹಿತ್ತಾಳೆಗಿಂತ ಗಟ್ಟಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಪೆಟ್ರೋಲ್ ಜಾಸ್ತಿ ಕುಡಿಯಲು ಶುರುಮಾಡುತ್ತದೆ. ವೈರಿನ ಒಳಗಿನ ತಾಮ್ರದ ಒಂದೇ ಎಳೆ ತೆಗೆದುಕೊಳ್ಳಿ, ಅಥವಾ ಬ್ರಷ್ಷಿನ ಒಂದು ನೈಲಾನ್ ಕೂದಲು. ನೆನೆಸಿ, ಮೆಲ್ಲಗೆ ಆಡಿಸಿ, ಮತ್ತೆ ನೆನೆಸಿ. ನನಗೆ ಈ ಸಲ ಮೂರು ಸಲ ನೆನೆಸಬೇಕಾಯಿತು. ಇಲ್ಲಿ ಅವಸರ ಮಾಡಿದರೆ ಇಡೀ ಕೆಲಸ ಮತ್ತೆ ಮಾಡಬೇಕಾಗುತ್ತದೆ.

ಇನ್ನು ಹುಳಿಯ ವಿಷಯ. ಒಂದು ವರ್ಷ ಬಟ್ಟಲಿನಲ್ಲಿ ಬಿಳಿ ಪುಡಿ ಜಾಸ್ತಿ ಇತ್ತು. ನಾನು ಇಡೀ ಕಾರ್ಬೊರೇಟರನ್ನು ವಿನೆಗರಿನಲ್ಲಿ ಮುಳುಗಿಸಿ ರಾತ್ರಿ ಮಲಗಿಬಿಟ್ಟೆ. ಅಡುಗೆಯ ವಿನೆಗರ್ ಅಂದರೆ ನೂರಕ್ಕೆ ನಾಲ್ಕು ಭಾಗ ಮಾತ್ರ ಹುಳಿ, ಏನಾಗುತ್ತದೆ ಅಂದುಕೊಂಡಿದ್ದೆ. ಬೆಳಿಗ್ಗೆ ನೋಡಿದರೆ ಬಾಡಿ ಕಪ್ಪು ಬೂದಿ ಬಣ್ಣಕ್ಕೆ ತಿರುಗಿ ಮೈಯೆಲ್ಲ ಚುಕ್ಕಿ ಚುಕ್ಕಿ ಗುಳಿ ಬಿದ್ದಿತ್ತು. ಬಟ್ಟಲು ಕೂರುವ ಅಂಚೂ ಒರಟಾಗಿ, ಹೊಸ ಗ್ಯಾಸ್ಕೆಟ್ ಹಾಕಿದರೂ ಪೆಟ್ರೋಲ್ ಜಿನುಗುತ್ತಿತ್ತು. ಆ ಕಾರ್ಬೊರೇಟರ್ ಮತ್ತೆ ಉಪಯೋಗಕ್ಕೆ ಬರಲಿಲ್ಲ. ಆಮೇಲಿಂದ ಹುಳಿಗೆ ನಾನು ಗಡಿಯಾರ ಇಟ್ಟುಕೊಂಡೇ ಕೂರುತ್ತೇನೆ.

ಕ್ರಮ ಹೀಗೆ. ಒಂದು ಲೀಟರ್ ಬಿಸಿನೀರಿಗೆ ಎರಡು ನಿಂಬೆಹಣ್ಣಿನ ರಸ, ಬೀಜ ತಿರುಳು ಬರದ ಹಾಗೆ ಬಟ್ಟೆಯಲ್ಲಿ ಸೋಸಿದ್ದು. ಒಲೆಯ ಮೇಲಿಟ್ಟು ಕುದಿಸುವುದು ಬೇಡವೇ ಬೇಡ. ಎಲ್ಲ ಬಿಚ್ಚಿ ಸೋಪಿನಲ್ಲಿ ತೊಳೆದ ಬರೀ ಬಾಡಿ, ಬಟ್ಟಲು ಮಾತ್ರ ಹತ್ತು ನಿಮಿಷ. ನಡುವೆ ಬ್ರಷ್ ಆಡಿಸಿ. ಮೊದಲು ಬಿಳಿ ಪುಡಿಯಿಂದ ಗುಳ್ಳೆ ಏಳುತ್ತದೆ, ಅದು ಸರಿ. ಬಿಳಿ ಹೋದ ಮೇಲೂ ಗುಳ್ಳೆ ಬರುತ್ತಿದ್ದರೆ ಹುಳಿ ಲೋಹವನ್ನೇ ತಿನ್ನುತ್ತಿದೆ, ತಕ್ಷಣ ತೆಗೆಯಿರಿ. ತೆಗೆದ ಮೇಲೆ ಒಂದು ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಅದರಲ್ಲಿ ಅದ್ದಿ, ಉಳಿದ ಹುಳಿ ಸಾಯುತ್ತದೆ. ಹಸಿರು ಹಿಡಿದ ಜೆಟ್ಟುಗಳಿಗೂ ಇದೇ ನೀರು, ಇದೇ ಹತ್ತು ನಿಮಿಷ. ಹುಣಸೆಹಣ್ಣಿನಲ್ಲಿ ಅಮ್ಮ ದೀಪ ಬೆಳಗುವುದು ನೋಡಿದವರಿಗೆ ಇದು ಹೊಸದಲ್ಲ.

ಕಾಚಂಪುಳಿ ಹಾಕಬಹುದಾ ಅಂತ ಆ ಹುಡುಗ ಕೇಳಿದ. ಕೊಡಗಿನ ಮನೆಯಲ್ಲಿ ಅದಕ್ಕಿಂತ ಗಟ್ಟಿ ಹುಳಿ ಇಲ್ಲ, ಕೇಳಿದ್ದು ತಪ್ಪಲ್ಲ. ಆದರೆ ಅದು ಹಣ್ಣಿನ ರಸವನ್ನು ಗಂಟೆಗಟ್ಟಲೆ ಕಾಯಿಸಿ ಕಪ್ಪಗೆ ಬತ್ತಿಸಿದ್ದು. ಸಣ್ಣ ತೂತಿನಲ್ಲಿ ಆ ಕಪ್ಪು ಅಂಟು ಉಳಿದರೆ ನಾವು ತೆಗೆಯಲು ಹೊರಟಿದ್ದನ್ನೇ ತುಂಬಿದ ಹಾಗೆ. ಅದು ಹಂದಿ ಮಾಂಸಕ್ಕೇ ಇರಲಿ.

ಕಕ್ಕಸು ತೊಳೆಯುವ ಆಸಿಡ್ ಯಾವ ಕಾರಣಕ್ಕೂ ಬೇಡ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಸಿಡ್, ಸತುವನ್ನು ಕಣ್ಣೆದುರೇ ಕರಗಿಸುತ್ತದೆ. ಅದಕ್ಕೆ ಬ್ಲೀಚಿಂಗ್ ಬೆರೆಸಿದರೆ ಏಳುವ ಕ್ಲೋರಿನ್ ಗಾಳಿ ಎದೆಗೆ ಹೋದರೆ ಜೀವಕ್ಕೇ ಅಪಾಯ. ಹಳೆಯ ಯಮಹಾ ಆರ್‌ಎಕ್ಸ್ 100 ಬೈಕ್ ಇಟ್ಟುಕೊಂಡವರು ಸೈಲೆನ್ಸರಿನ ಒಳಗಿನ ಕಬ್ಬಿಣದ ಪೈಪಿನ ಕರಿ ಬಿಡಿಸಲು ಕಾಸ್ಟಿಕ್ ಸೋಡಾ ಹಾಕುತ್ತಾರೆ. ಕಬ್ಬಿಣಕ್ಕೆ ಅದು ಸರಿ, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಬೇಕು ಅಷ್ಟೆ. ಅದೇ ನೀರಿಗೆ ಪಿಸ್ಟನ್ನೋ ಹೆಡ್ಡೋ ಹಾಕಿದರೆ ಅಲ್ಯೂಮಿನಿಯಂ ನೊರೆ ನೊರೆಯಾಗಿ ಹೋಗುತ್ತದೆ.

ನಮ್ಮ ಊರಿನಲ್ಲಿ ತೊಳೆಯುವುದಕ್ಕಿಂತ ಒಣಗಿಸುವುದೇ ಕಷ್ಟ. ಡಿಸೆಂಬರಿನಲ್ಲಾದರೆ ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಇಟ್ಟರೆ ಮಧ್ಯಾಹ್ನದೊಳಗೆ ಆಯಿತು. ಸೆಪ್ಟೆಂಬರಿನ ಬಿಸಿಲು ನಂಬಲು ಆಗುವುದಿಲ್ಲ. ಅದಕ್ಕೆ ಕೊನೆಯ ನೀರು ಕೈ ಸುಡುವಷ್ಟು ಬಿಸಿ ಇರಲಿ. ಇಕ್ಕಳದಲ್ಲಿ ಹಿಡಿದು ಮೇಲಿಂದ ಸುರಿಯಿರಿ. ಲೋಹ ಬಿಸಿಯಾದರೆ ತನ್ನ ಮೇಲಿನ ನೀರನ್ನು ತಾನೇ ಒಣಗಿಸಿಕೊಳ್ಳುತ್ತದೆ. ಒಳಗಿನ ದಾರಿಗಳಿಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ. ಒಂದು ತೂತಿಗೆ ಹೊಡೆದರೆ ಇನ್ನೊಂದು ಕಡೆ ಗಾಳಿ ಬೆರಳಿಗೆ ತಾಗಬೇಕು. ಕೊನೆಗೆ ಮೆಡಿಕಲ್ ಶಾಪಿನ ಸ್ಪಿರಿಟ್ ಸ್ವಲ್ಪ ಒಳಗೆ ಬಿಟ್ಟು ಮತ್ತೆ ಗಾಳಿ ಹೊಡೆದರೆ ಉಳಿದ ತೇವ ಅದರ ಜೊತೆ ಹೋಗುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಇಡುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ.

2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಯ ಮನೆಗಳಿಗೆ ನುಗ್ಗಿದಾಗ ಬೈಕುಗಳೂ ಮುಳುಗಿದವು. ನೀರು ಇಳಿದ ಮೇಲೆ ಪರಿಚಯದವರ ಆರು ಕಾರ್ಬೊರೇಟರುಗಳನ್ನು ನಾನು ಇದೇ ಜಗಲಿಯಲ್ಲಿ ತೊಳೆದೆ. ಮನೆ ಕಳೆದುಕೊಂಡವರಿಗೆ ಕೆಲಸಕ್ಕೆ ಹೋಗಲು ಆ ಬೈಕೊಂದೇ ಉಳಿದಿತ್ತು. ಆ ಕೆಸರಿಗೆ ಹುಳಿ ಬೇಡ, ಥಿನ್ನರ್ ಬೇಡ. ಸೋಪಿನ ನೀರು, ಗಾಳಿ, ಮತ್ತೆ ಸೋಪಿನ ನೀರು. ಮುಳುಗಿದ ಬೈಕಿನಲ್ಲಿ ಮುಖ್ಯ ವಿಷಯ ಬೇರೆ: ಸ್ಪಾರ್ಕ್ ಪ್ಲಗ್ ಬಿಚ್ಚದೆ ಸ್ಟಾರ್ಟ್ ಮಾಡಲು ಹೋಗಬಾರದು. ಸಿಲಿಂಡರಿನಲ್ಲಿ ನೀರಿದ್ದರೆ ಅದು ಗಾಳಿಯ ಹಾಗೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗಬಹುದು. ಪ್ಲಗ್ ತೆಗೆದು ಕಿಕ್ಕರನ್ನು ಮೆಲ್ಲಗೆ ಒತ್ತಿ ನೀರು ಹೊರಗೆ ಹಾಕಿ. ಎಂಜಿನ್ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ಬಂದಿದ್ದರೆ ಬದಲಿಸಿ, ಸ್ವಲ್ಪ ಓಡಿಸಿ, ಇನ್ನೊಮ್ಮೆ ಬದಲಿಸಿ.

ಎಂಜಿನ್ನಿನ ಹೊರಗಿನ ರೆಕ್ಕೆಗಳ ಜಿಡ್ಡಿಗೆ ಸೀಮೆಎಣ್ಣೆ ಒಳ್ಳೆಯದು, ಈಗ ಸಿಗುವುದು ಕಷ್ಟ, ಡೀಸೆಲ್ ಸಾಕು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ರಷ್ಷಿನಲ್ಲಿ ಹಚ್ಚಿ, ಕಾಲು ಗಂಟೆ ಬಿಟ್ಟು ಸೋಪಿನ ನೀರಿನಲ್ಲಿ ತೊಳೆಯಿರಿ. ರೆಕ್ಕೆಗಳ ನಡುವೆ ಕೂತ ತೋಟದ ಮಣ್ಣನ್ನು ಬಿದಿರಿನ ಕಡ್ಡಿಯಲ್ಲಿ ಕೆದಕಿ. ಏರ್ ಫಿಲ್ಟರ್ ಸ್ಪಂಜಿನದಾದರೆ ಸೋಪಿನಲ್ಲಿ ತೊಳೆದು ಒಣಗಿಸಿ, ಎರಡು ಹನಿ ಎಂಜಿನ್ ಆಯಿಲ್ ಹಾಕಿ ಹಿಂಡಿ. ಕಾಗದದ್ದಾದರೆ ತೊಳೆಯಬಾರದು, ಬದಲಿಸಬೇಕು.

ತೊಳೆದು ಉಳಿದ ಪೆಟ್ರೋಲ್, ಥಿನ್ನರ್, ಡೀಸೆಲನ್ನು ಚರಂಡಿಗೆ ಚೆಲ್ಲಬೇಡಿ. ನಮ್ಮ ತೋಟದ ಚರಂಡಿ ತೋಡಿಗೆ ಹೋಗುತ್ತದೆ, ತೋಡು ಕಾವೇರಿಗೆ. ನಾನು ಮುಚ್ಚಳದ ಡಬ್ಬಿಯಲ್ಲಿ ಶೇಖರಿಸಿ, ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡುತ್ತೇನೆ.

ಜೋಡಿಸುವಾಗ ಸ್ಲೈಡಿನ ಓರೆಯಾಗಿ ಕತ್ತರಿಸಿದ ಅಂಚು ಏರ್ ಫಿಲ್ಟರಿನ ಕಡೆಗೆ ಇರಲಿ. ಜೆಟ್ಟುಗಳನ್ನು ಬೆರಳಿನಲ್ಲೇ ತಿರುಗಿಸಿ ಕೂರಿಸಿ, ಸ್ಕ್ರೂಡ್ರೈವರ್ ಕೊನೆಯ ಸ್ವಲ್ಪಕ್ಕೆ ಮಾತ್ರ. ಹಿತ್ತಾಳೆಯ ಥ್ರೆಡ್ ಸುಲಭವಾಗಿ ಹೋಗುತ್ತದೆ. ಗಾಳಿ ಸ್ಕ್ರೂ ಪೂರ್ತಿ ಒಳಗೆ ಕೂರಿಸಿ, ಬರೆದಿಟ್ಟಷ್ಟು ಸುತ್ತು ಹೊರಗೆ. ಕಾಕ್ ತೆರೆದು ಕಾಲು ಗಂಟೆ ಕಾಯಿರಿ. ಓವರ್‌ಫ್ಲೋ ಪೈಪಿನಿಂದ ಹನಿ ಬಿದ್ದರೆ ಫ್ಲೋಟಿನ ಸೂಜಿಯ ತುದಿ ಕೂರುವ ಕಡೆ ಕಸ ಉಳಿದಿದೆ, ಮತ್ತೆ ಬಿಚ್ಚಬೇಕು. ಹನಿ ಇಲ್ಲದಿದ್ದರೆ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಚೋಕ್ ತೆಗೆಯಿರಿ. ಈ ಸಲ ನಾನು ಚೋಕ್ ತೆಗೆದಾಗ ಬೈಕ್ ನಿಲ್ಲಲಿಲ್ಲ. ಆ ಹುಡುಗ ಹಿಂದೆ ಹತ್ತಿ ಕೂತ, ಇಬ್ಬರೂ ಕಣದ ದಾರಿಯ ಏರನ್ನು ಎರಡನೇ ಗೇರಿನಲ್ಲೇ ಹತ್ತಿದೆವು.

ಮುಂದಿನ ಜೂನಿನಲ್ಲಿ ಬೈಕ್ ಒಳಗೆ ಇಡುವ ದಿನ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಡ್ರೈನ್ ಸ್ಕ್ರೂ ಬಿಚ್ಚಿ ಬಟ್ಟಲು ಖಾಲಿ ಮಾಡಲು ಅವನಿಗೆ ಹೇಳಿಕೊಟ್ಟಿದ್ದೇನೆ.