ದಪ್ಪ ಅಕ್ಷರಕ್ಕೆ ಬಿಳಿ ಜಾಗ ಮೊದಲು

ಮುಂಬೈಯ ಮಾಟುಂಗದ ಕನ್ನಡ ಸಂಘವೊಂದರ ರಾಜ್ಯೋತ್ಸವ ವೇದಿಕೆಗೆ ಬ್ಯಾನರ್ ಮಾಡುವ ಕೆಲಸ ನನಗೆ ಬಂತು. ಮರಾಠಿ, ಇಂಗ್ಲಿಷ್ ಸಾಲುಗಳಿಗೆ ಪಾಪಿನ್ಸ್ ಬ್ಲ್ಯಾಕ್ ಎಂಬ ದಪ್ಪ ಫಾಂಟ್ ಆಗಲೇ ನಿಗದಿಯಾಗಿತ್ತು. ಆ ಫಾಂಟಿನಲ್ಲಿ ಕನ್ನಡ ಇಲ್ಲ. ಬೇರೆ ಫಾಂಟಿನಲ್ಲಿ ಹಾಕಿದ ಕನ್ನಡದ ಸಾಲು ಅವುಗಳ ನಡುವೆ ಸೊರಗಿ ಕಾಣುತ್ತಿತ್ತು. ನಮ್ಮ ಹಬ್ಬದಲ್ಲೇ ನಮ್ಮ ಅಕ್ಷರ ಸೊರಗಬಾರದು. ‘ಕನ್ನಡ ರಾಜ್ಯೋತ್ಸವ’ ಎಂಬ ಎರಡೇ ಪದಗಳನ್ನು ದಪ್ಪವಾಗಿ, ಅಗಲವಾಗಿ, ವೃತ್ತ ಮತ್ತು ನೇರ ಗೆರೆಗಳಿಂದ ನಾನೇ ಕಟ್ಟಲು ಕೂತೆ.

ಇದ್ದ ಫಾಂಟನ್ನೇ ಅಡ್ಡಕ್ಕೆ ಎಳೆದರೆ ಸಾಲದೇ ಎಂದು ಸಂಘದವರೊಬ್ಬರು ಕೇಳಿದರು. ಸಾಲದು. ಎಳೆದಾಗ ನಿಂತ ಗೆರೆ ಉಬ್ಬುತ್ತದೆ, ಮಲಗಿದ ಗೆರೆ ಇದ್ದಷ್ಟೇ ಇರುತ್ತದೆ, ‘ರ’ದ ದುಂಡು ಚಪ್ಪಟೆಯಾಗುತ್ತದೆ. ನಮ್ಮ ಮುಂಬೈಯ ಏಕ್ ಟೈಪ್ ತಂಡದ ‘ಅನೇಕ್ ಕನ್ನಡ’ ಫಾಂಟಿನಲ್ಲಿ ಅಗಲವನ್ನು 75ರಿಂದ 125ರವರೆಗೆ (ಸಾಧಾರಣ ಅಗಲ 100), ದಪ್ಪವನ್ನು ತೀರ ತೆಳುವಾದ 100ರಿಂದ ತುಂಬ ದಪ್ಪದ 800ರವರೆಗೆ ಬದಲಿಸಬಹುದು. ಎರಡನ್ನೂ ತುದಿಗೆ ಒಯ್ದು ನೋಡಿ: ಎಳೆದ ಅಕ್ಷರವೇ ಬೇರೆ, ಅಗಲವಾಗಿ ಬರೆದ ಅಕ್ಷರವೇ ಬೇರೆ.

ನಾನು ಮೊದಲು ಕೈಹಾಕಿದ್ದು ‘ಕ’ಕ್ಕೆ. ತಲೆಕಟ್ಟು, ನಡುವಿನ ಅಡ್ಡಗೆರೆ, ಕೆಳಗಿನ ಬಳೆ ಸೇರಿ ಒಂದೇ ಅಕ್ಷರದ ಎತ್ತರದೊಳಗೆ ಒಂದರ ಕೆಳಗೊಂದು ಮೂರು ಮಲಗಿದ ಗೆರೆಗಳು. ಅಕ್ಷರದ ಎತ್ತರ 700 ಯುನಿಟ್ (ಫಾಂಟ್ ಬರೆಯುವಾಗ ಬಳಸುವ ಅಳತೆ), ನಿಂತ ಗೆರೆ 190 ಎಂದು ಇಟ್ಟುಕೊಂಡಿದ್ದೆ. ಮಲಗಿದವಕ್ಕೂ 190 ಕೊಟ್ಟರೆ ಮೂರಕ್ಕೇ 570 ಹೋಗಿ, ಒಳಗಿನ ಎರಡು ಬಿಳಿ ಜಾಗಗಳಿಗೆ ಉಳಿಯುವುದು 130 ಮಾತ್ರ. ದೂರದಿಂದ ಬರೀ ಕಪ್ಪು ಮುದ್ದೆ. ಹಾಗಾಗಿ ಬಿಳಿಗೆ ತಲಾ 140 ಎಂದು ಮೊದಲೇ ಎತ್ತಿಟ್ಟೆ. ಉಳಿದ 420ರಲ್ಲಿ ಗೆರೆಗೆ 140 ಬಂತು. ಒಂದೇ ದಪ್ಪ ಕೊಟ್ಟರೂ ಕಣ್ಣಿಗೆ ಮಲಗಿದ ಗೆರೆಯೇ ಹೆಚ್ಚು ದಪ್ಪ ಕಾಣುವುದರಿಂದ ಹೇಗೂ ಅದನ್ನು ತೆಳುಮಾಡಲೇಬೇಕು. 1927ರಲ್ಲಿ ಬಂದ, ಜರ್ಮನಿಯ ಪೌಲ್ ರೆನ್ನರ್ ಅವರ ಫ್ಯೂಚುರಾ ಫಾಂಟ್ ಕೈವಾರದಲ್ಲಿ ಎಳೆದಂತೆ ಕಂಡರೂ ಅದರಲ್ಲೂ ಕಣ್ಣಿಗಾಗಿ ಇಂಥ ತಿದ್ದುಗಳಿವೆ. ‘ರ’ದ ವೃತ್ತವನ್ನು ನಾನು ಅಕ್ಷರಗಳು ಕೂರುವ ಅಡಿಗೆರೆಯಿಂದ 12 ಯುನಿಟ್ ಕೆಳಗಿಳಿಸಿದ್ದೂ ಅದಕ್ಕೇ, ಇಲ್ಲದಿದ್ದರೆ ಅದು ಪಕ್ಕದವುಗಳಿಗಿಂತ ಗಿಡ್ಡ ಕಾಣುತ್ತದೆ.

ನಿಜವಾದ ಕೆಲಸ ಒತ್ತಕ್ಷರಗಳದ್ದು. ದೊಡ್ಡ ಅಕ್ಷರವನ್ನೇ ಕುಗ್ಗಿಸಿ ಕೆಳಗಿಟ್ಟರೆ ಗೆರೆಯೂ ಕುಗ್ಗಿ, ಒತ್ತು ಬೇರೆ ಫಾಂಟಿನಿಂದ ತಂದಂತೆ ಕಾಣುತ್ತದೆ. ‘ನ್ನ’, ‘ತ್ಸ’ಗಳ ಒತ್ತನ್ನು 120 ಯುನಿಟ್ ಗೆರೆಯಲ್ಲಿ ಹೊಸದಾಗಿ ಬರೆದೆ. ಅಗಲ ಅಕ್ಷರದ ದೊಡ್ಡ ಲಾಭ ಇಲ್ಲಿದೆ: ಒತ್ತು ಪಕ್ಕಕ್ಕೆ ಹರಡಿಕೊಳ್ಳಬಹುದು, ಆಳಕ್ಕೆ ಇಳಿಯಬೇಕಿಲ್ಲ. ‘ಜ್ಯೋ’ ಮಾತ್ರ ಬಹಳ ಕಾಡಿತು. ಅದರ ಯ ಒತ್ತು ಬಲಕ್ಕೆ ಚಾಚಿ ಮುಂದಿನ ಸ ಒತ್ತಿಗೆ ತಾಗುತ್ತಿತ್ತು. ಬಾಲವನ್ನು ಮೊಟಕುಗೊಳಿಸಿ ದೀರ್ಘದ ಕೆಳಗೇ ಮೇಲಕ್ಕೆ ತಿರುಗಿಸಿದೆ, ಸ ಒತ್ತನ್ನು ತುಸು ಬಲಕ್ಕೆ ಸರಿಸಿದೆ.

ಪ್ರಿಂಟನ್ನು ಸಭಾಂಗಣದ ಗೋಡೆಗೆ ಅಂಟಿಸಿ ಹಿಂದಿನ ಸಾಲಿನ ಕುರ್ಚಿಯಿಂದ ನೋಡಿದೆ. ‘ಕ’ದ ಬಳೆಯೊಳಗೆ ಬಿಳಿ ಉಳಿದಿತ್ತು. ತಾರೀಕು, ಸಮಯ, ಸ್ಥಳದ ಸಣ್ಣ ಸಾಲುಗಳಿಗೆ ಅನೇಕ್ ಕನ್ನಡದ ಸಾಧಾರಣ ಅಗಲವನ್ನೇ ಹಾಕಿದೆ. ಇಷ್ಟು ದಪ್ಪದ ಅಕ್ಷರ ಸಣ್ಣ ಅಳತೆಯಲ್ಲಿ ಓದಲು ಬರುವುದಿಲ್ಲ.